ಐದು ಸ್ವರ, ಒಂದು ನಿಜ

ಜೂನ್ ೪

ಚುಕ್ಕೀ,

ನೀನು ಬಸ್ಸು ಹತ್ತಿ ಇವತ್ತಿಗೆ ಹನ್ನೊಂದು ದಿನ. ನಿನ್ನ ಮೊದಲ ಕಾಗದ ನಿನ್ನೆ ಬಂತು. ಅಂಚೆಯವನು ಪಕ್ಕದ ದರ್ಜಿ ಅಂಗಡಿಯಲ್ಲಿ ಕೊಟ್ಟು ಹೋಗಿದ್ದ. ದರ್ಜಿ ಅದನ್ನು ಬೆಳಕಿಗೆ ಹಿಡಿದು, ಏನೂ ಕಾಣದೆ ನಿರಾಸೆಯಾಗಿ ನನಗೆ ತಂದುಕೊಟ್ಟ. "ನರ್ಸಮ್ಮನ ಕಾಗದ ಬಂದಿದೆ, ಓದಯ್ಯ ಜೋರಾಗಿ" ಅಂದ. ನೀನಿನ್ನೂ ಬಿಳಿ ಬಟ್ಟೆ ತೊಟ್ಟಿಲ್ಲ, ಆಗಲೇ ಇಡೀ ಬೀದಿಗೆ ನರ್ಸಮ್ಮ ಆಗಿಬಿಟ್ಟಿದ್ದೀಯ.

ಪ್ರೆಸ್ಸಿನಲ್ಲಿ ಕೆಲಸ ಸಾಧಾರಣ. ಹಿಂದಿನ ಕೋಣೆಯಲ್ಲಿ ನಿನ್ನ ಮಂಚದ ಮೇಲೆ ಈಗ ಕಾಗದದ ಕಟ್ಟುಗಳು ಮಲಗಿವೆ. ಅವೂ ನಿನ್ನ ಹಾಗೇ ಬೆಳಿಗ್ಗೆ ಬೇಗ ಏಳುವುದಿಲ್ಲ.

ಆಟ ಮಾತ್ರ ಬಿಡಬಾರದು. ಅಮ್ಮ ಇದ್ದಾಗ ಮೂವರೂ ಊಟದ ಹೊತ್ತಿಗೆ ಆಡುತ್ತಿದ್ದೆವಲ್ಲ, ಇನ್ನು ಅಂಚೆಯಲ್ಲಿ ಆಡೋಣ. ನೀನು ಹುಟ್ಟಾ ಮೋಸಗಾತಿ, ಅದಕ್ಕೇ ನಿಯಮಗಳನ್ನು ಬರೆದೇ ಬಿಡುತ್ತೇನೆ. ಇಂಗ್ಲಿಷಿನ ಒಂದು ಉದ್ದ ಪದ. ಅದರಲ್ಲಿ ಎ, ಇ, ಐ, ಓ, ಯು ಐದೂ ಇರಬೇಕು, ಯಾವ ಕ್ರಮದಲ್ಲಾದರೂ ಸರಿ. ಒಬ್ಬರು ಪದ ಕಳಿಸಿದರೆ ಇನ್ನೊಬ್ಬರು ನಮ್ಮ ಮಾತಿನಲ್ಲಿ ಅರ್ಥ ಹೇಳಿ, ಹೊಸ ಪದ ಕಳಿಸಬೇಕು. ಪದ ಸಿಗದಿದ್ದರೆ ಸೋಲು. ಹಿಂದೆ ಹೇಳಿದ್ದನ್ನೇ ಹೇಳಿದರೂ ಸೋಲು. ಸೋತವರು ಮುಚ್ಚಿಟ್ಟ ಒಂದು ನಿಜ ಹೇಳಬೇಕು. ಗೆದ್ದವರು ಏನು ಬೇಕಾದರೂ ಹೇಳಬಹುದು. ಇದು ನಿನ್ನ ಅಮ್ಮ ಹಾಕಿದ ಕಟ್ಟಳೆ. ನನ್ನ ಬೀಡಿಯನ್ನೂ ನಿನ್ನ ಲೆಕ್ಕದ ಅಂಕಗಳನ್ನೂ ಅವಳು ಹಿಡಿದದ್ದು ಹೀಗೇ.

ನನಗೆ ಅರ್ಥ ಗೊತ್ತಿರುವುದಿಲ್ಲ, ನಿನಗೆ ಗೊತ್ತು. ಮೂವತ್ತು ವರ್ಷ ಸೀಸದ ಅಚ್ಚುಮೊಳೆ ಒಂದೊಂದೇ ಹೆಕ್ಕಿ ಇಂಗ್ಲಿಷ್ ಜೋಡಿಸಿದ್ದೇನೆ. ಯಾವ ಪದದಲ್ಲಿ ಯಾವ ಅಕ್ಷರ ಎಂದು ಬೆರಳು ಹೇಳುತ್ತದೆ, ಯಾಕೆ ಎಂದು ಹೇಳುವುದಿಲ್ಲ. ಆದ್ದರಿಂದ ನಾನು ಊಹಿಸುತ್ತೇನೆ, ನೀನು ನಗು.

ಮೊದಲ ಪದ ಸುಲಭದ್ದು, ತರಕಾರಿಯವನ ಚೀಟಿಯಲ್ಲಿ ಜೋಡಿಸಿದ್ದು: ಕಾಲಿಫ್ಲವರ್.

ಅಪ್ಪ

*

ಜೂನ್ ೨೦

ಅಪ್ಪಾ,

ಕಾಲಿಫ್ಲವರ್: ಹೂವೂ ಅಲ್ಲದ, ಕಾಯಿಯೂ ಅಲ್ಲದ, ಹಾಸ್ಟೆಲಿನಲ್ಲಿ ವಾರಕ್ಕೆ ನಾಲ್ಕು ದಿನ ತಪ್ಪದೆ ಬರುವ ಒಂದು ಶಿಕ್ಷೆ. ಮನೆಯಲ್ಲಿ ನೀನು ಹುರಿದುಕೊಟ್ಟಾಗ ಮೂತಿ ತಿರುಗಿಸುತ್ತಿದ್ದೆನಲ್ಲ, ಅದಕ್ಕೆ ಈಗ ಬಡ್ಡಿ ಸಮೇತ ಅನುಭವಿಸುತ್ತಿದ್ದೇನೆ.

ಇಲ್ಲಿ ಎಲ್ಲ ಚೆನ್ನಾಗಿದೆ. ಬೆಳಿಗ್ಗೆ ಪಾಠ, ಮಧ್ಯಾಹ್ನ ವಾರ್ಡು. ನಿನ್ನೆ ಒಬ್ಬರ ಕಾಲಿನ ಗಾಯ ತೊಳೆಯುವುದನ್ನು ತೋರಿಸಿದರು. ನಾನು ಕಿಟಕಿಯ ಸರಳು ಹಿಡಿದು ನಿಂತಿದ್ದೆ. ಹಿರಿಯ ಸಿಸ್ಟರ್ ನನ್ನ ಮುಖ ನೋಡಿ, "ಮೊದಮೊದಲು ಎಲ್ಲರಿಗೂ ಹೀಗೇ ಆಗೋದು, ಕೂತ್ಕೋ" ಅಂದರು. ಕೂತುಕೊಂಡೆ. ಎಲ್ಲರಿಗೂ ಆಗುತ್ತದಂತೆ.

ನನ್ನ ಪದ: ಪ್ರಿಕಾಶನ್. ಊಹಿಸು ನೋಡೋಣ.

ಚುಕ್ಕಿ

*

ಸೆಪ್ಟೆಂಬರ್ ೯

ಚುಕ್ಕೀ,

ಪ್ರಿಕಾಶನ್ ಎಂದರೆ ಏನೋ ಕಷಾಯ ಇರಬೇಕು. ಊಟಕ್ಕೆ ಮುಂಚೆ ಕುಡಿಯುವುದು. ತಪ್ಪಾಗಿದ್ದರೆ ತಪ್ಪು, ಆಟದಲ್ಲಿ ಅರ್ಥ ತಪ್ಪಿದರೆ ಸೋಲಿಲ್ಲ.

ಉತ್ತರ ತಡವಾಯಿತು. ಒಂದು ಕೆಲಸ ಎರಡು ಸಲ ಮಾಡಬೇಕಾಯಿತು. ಮದುವೆ ಕಾಗದವೊಂದರಲ್ಲಿ ವಧುವಿನ ತಂದೆಯ ಹೆಸರು ಇರುವ ಇಡೀ ಸಾಲೇ ಬಿಟ್ಟುಹೋಗಿತ್ತು. ಅವರು ಪುಣ್ಯಕ್ಕೆ ನಗುವ ಜನ. "ಹೆಣ್ಣು ಕೊಡೋನನ್ನೇ ಮಾಯ ಮಾಡ್ಬಿಟ್ರಲ್ಲ" ಅಂದರು. ನಾನೂ ನಕ್ಕೆ. ಮೂವತ್ತು ವರ್ಷದಲ್ಲಿ ನಾನು ಸಾಲು ಬಿಟ್ಟಿರಲಿಲ್ಲ.

ಪರೀಕ್ಷೆ ಮಾರ್ಚಿನಲ್ಲಿ ಅಂದೆಯಲ್ಲ. ಅಲ್ಲಿಯತನಕ ಮನೆ ಕಡೆ ತಲೆ ಹಾಕಬೇಡ. ಹಬ್ಬ, ರಜೆ, ಅಪ್ಪನ ಮುಖ ನೋಡಬೇಕು, ಯಾವ ನೆಪವೂ ನಡೆಯುವುದಿಲ್ಲ. ಅಮ್ಮನ ಮಂಚದ ಪಕ್ಕ ಅವಳ ಆ ಕೊನೆಯ ಹದಿನಾರು ದಿನ ಕೆಲಸ ಗೊತ್ತಿರುವ ಒಂದು ಕೈ ಇರಲಿಲ್ಲ. ನಿನ್ನನ್ನು ಕಳಿಸಿದ್ದು ಅದಕ್ಕೇ, ನಿನಗೂ ಗೊತ್ತು. ಮತ್ತೆ ಮತ್ತೆ ಹೇಳುವುದಿಲ್ಲ.

ನನ್ನ ಪದ: ಟೆನೇಶಿಯಸ್. ಯಾರೋ ನಿವೃತ್ತರಾದಾಗ ಕೊಟ್ಟ ಪ್ರಶಂಸಾಪತ್ರದಲ್ಲಿ ಬಂದದ್ದು. ಕಾಯಿಲೆಯ ಹೆಸರಿರಬೇಕು ಪಾಪ.

ಅಪ್ಪ

*

ಅಕ್ಟೋಬರ್ ೧೪

ಅಪ್ಪಾ,

ಟೆನೇಶಿಯಸ್ ಕಾಯಿಲೆ ಅಲ್ಲ! ಹಿಡಿದದ್ದನ್ನು ಬಿಡದವನು, ಪಟ್ಟು ಸಡಿಲಿಸದವನು. ಅಂದರೆ ನೀನು. ಹಾಗೆ ನೋಡಿದರೆ ಕಾಯಿಲೆಯೂ ಹೌದು. ಪ್ರಿಕಾಶನ್ ಕಷಾಯವೂ ಅಲ್ಲ, ಕೆಟ್ಟದ್ದು ಆಗುವ ಮುಂಚೆಯೇ ಹುಷಾರಾಗುವುದು.

ಕವರಿನ ಮೇಲೆ ಹೊಸ ವಿಳಾಸ ಇದೆ ನೋಡು, ಇನ್ನು ಮೇಲೆ ಅಲ್ಲಿಗೇ ಬರೆ. ಹಾಸ್ಟೆಲಿನಲ್ಲಿ ಜಾಗ ಸಾಲದೆ ನಮ್ಮಲ್ಲಿ ಕೆಲವರನ್ನು ಹೊರಗಿನ ಕೋಣೆಗಳಿಗೆ ಕಳಿಸಿದ್ದಾರೆ. ಕೋಣೆ ಚಿಕ್ಕದು, ಕಿಟಕಿ ದೊಡ್ಡದು. ಎದುರಿಗೆ ಒಗೆದ ಹಾಸುಬಟ್ಟೆಗಳನ್ನು ಒಣಹಾಕುವ ತಾರಸಿ. ಕಾಲಿಫ್ಲವರ್ ಕಾಟವಿಲ್ಲ.

ನಿನ್ನ ಕೈಬರಹಕ್ಕೇನಾಗಿದೆ? ಸಾಲುಗಳು ಬೆಟ್ಟ ಹತ್ತುತ್ತಿವೆ. ಬಲಗಡೆ ಎಷ್ಟೋ ಪದಗಳು ಕಾಗದದಿಂದ ಹೊರಗೆ ಬಿದ್ದುಹೋಗಿವೆ. "ಮತ್ತೆ ಮತ್ತೆ ಹೇಳುವು" ಎಂದಿದೆ, ಉಳಿದರ್ಧ ನಿನ್ನ ಮೇಜಿನ ಮೇಲೇ ಇರಬೇಕು, ಹುಡುಕಿ ಇಟ್ಟಿರು. ಊರವರ ಕಾಗದ ಅಷ್ಟು ನೀಟಾಗಿ ಅಚ್ಚು ಹಾಕುತ್ತೀಯ, ಮಗಳಿಗೆ ಮಾತ್ರ ಹೀಗೆ. ಸೋಮಾರಿ.

ನನ್ನ ಪದ ಇವತ್ತು ಕೆಲಸದಲ್ಲಿ ಕೈಗೆ ಬಂದದ್ದು, ಎಣಿಸಿ ನೋಡಿದರೆ ಐದೂ ಇತ್ತು: ನ್ಯುಮೋನಿಯಾ.

ಚುಕ್ಕಿ

*

ಅಕ್ಟೋಬರ್ ೨೩
(ಅಂಚೆಗೆ ಹಾಕದ್ದು)

ಚುಕ್ಕೀ,

ಎರಡು ದಿನದಿಂದ ಹುಡುಕಿದರೂ ಹೊಸ ಪದ ಹೊಳೆಯಲಿಲ್ಲ. ಅಂದರೆ ಸೋತೆ. ಸೋತವನು ನಿಜ ಬರೆಯಬೇಕು, ಬರೆಯುತ್ತಿದ್ದೇನೆ. ಕಳಿಸಬೇಕು ಎಂದು ನಿನ್ನ ಅಮ್ಮ ಕಟ್ಟಳೆ ಹಾಕಿಲ್ಲ.

ಕಣ್ಣು ಹೋಗುತ್ತಿದೆ ಮಗಳೇ. ನೋಡಿದ ಅಕ್ಷರ ಕಾಣುತ್ತದೆ, ಅದರ ಪಕ್ಕದ್ದು ಕಾಣುವುದಿಲ್ಲ. ಕಾಗದದ ಅಂಚು ಎಲ್ಲಿ ಮುಗಿಯಿತೆಂದು ಪೆನ್ನು ಮೇಜಿಗೆ ತಗುಲಿದಾಗ ಗೊತ್ತಾಗುತ್ತದೆ. ದರ್ಜಿ ಎಳೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿದ. ಕಣ್ಣಿನೊಳಗೆ ಒತ್ತಡ ಏರಿ ನರ ಸಾಯುತ್ತಿದೆಯಂತೆ. ಹೋದದ್ದು ಬರುವುದಿಲ್ಲ, ಇದ್ದದ್ದನ್ನು ಉಳಿಸಬಹುದು. ಈ ತಿಂಗಳೊಳಗೆ ಶಸ್ತ್ರಚಿಕಿತ್ಸೆ ಮಾಡಿಸಿದರೆ ಎರಡೂ ಕಣ್ಣಿನಲ್ಲಿ ಇಷ್ಟಿಷ್ಟು ಉಳಿಯುತ್ತದೆ, ತಡವಾದರೆ ಎಡಗಣ್ಣಿನ ಆಸೆ ಬಿಡಬೇಕು ಎಂದರು. ಆಮೇಲೆ ತಿಂಗಳು ಪೂರ್ತಿ ಹೊತ್ತುಹೊತ್ತಿಗೆ ಹನಿ ಹಾಕಲು, ಬಗ್ಗದಂತೆ ನೋಡಿಕೊಳ್ಳಲು ಮನೆಯ ಒಬ್ಬರು ಜೊತೆಗಿರಬೇಕಂತೆ. "ಯಾರಿದ್ದಾರೆ?" ಅಂತ ಕೇಳಿದರು. "ಮಗಳಿದ್ದಾಳೆ, ನರ್ಸು" ಅಂದೆ. "ಮತ್ತೇನು ಯೋಚನೆ, ಕರೆಸಿ" ಅಂದರು.

ನಿನ್ನನ್ನು ಕರೆಸಿದರೆ ನೀನು ಬಂದೇ ಬರುತ್ತೀಯ. ಒಂದು ತಿಂಗಳು ಪಾಠ ತಪ್ಪಿದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂದು ನೀನೇ ಹೇಳಿದ್ದೆ. ಆಮೇಲೆ ನೀನು ವಾಪಸು ಹೋಗುವುದಿಲ್ಲ, ನಿನ್ನನ್ನು ನಾನು ಬಲ್ಲೆ. ಮಾರ್ಚಿಗೆ ಇನ್ನೆಷ್ಟು, ನಾಲ್ಕೈದು ತಿಂಗಳು. ಮೊಳೆ ಹೆಕ್ಕಲು ಕಣ್ಣಿಗಿಂತ ಬೆರಳೇ ಬೇಕು. ತಡೆದುಕೊಳ್ಳುತ್ತೇನೆ.

ಇದನ್ನು ಮಡಚಿ ಮೊಳೆ ಪೆಟ್ಟಿಗೆಯಲ್ಲಿ ಝಡ್ ಅಕ್ಷರದ ಗೂಡಿನೊಳಗೆ ಇಡುತ್ತೇನೆ. ಆ ಗೂಡಿಗೆ ವರ್ಷಕ್ಕೊಮ್ಮೆಯೂ ಯಾರೂ ಕೈ ಹಾಕುವುದಿಲ್ಲ.

ಅಪ್ಪ

*

ಅಕ್ಟೋಬರ್ ೨೫
(ಅಚ್ಚು ಮಾಡಿದ ಪತ್ರ)

ಪ್ರೀತಿಯ ಚುಕ್ಕಿಗೆ,

ಸೋಮಾರಿ ಅಂದೆಯಲ್ಲ, ತಗೋ. ಲೋಕದಲ್ಲಿ ಯಾವ ಮಗಳಿಗೆ ಅಪ್ಪ ಪತ್ರವನ್ನು ಅಚ್ಚು ಹಾಕಿ ಕಳಿಸಿದ್ದಾನೆ? ಒಂದೇ ಪ್ರತಿ. ಸಾಲು ನೆಟ್ಟಗಿದೆಯೋ ಇಲ್ಲವೋ ನೀನೇ ಹೇಳು.

ನಿನ್ನ ಪದದ ಅರ್ಥ ನನಗೆ ಗೊತ್ತು. ಆಸ್ಪತ್ರೆಯವರು ಕೊಟ್ಟ ಅಮ್ಮನ ಕೊನೆಯ ಚೀಟಿಯಲ್ಲಿ ಇತ್ತು. ಬರೆಯುವುದಿಲ್ಲ.

ಒಂದು ವಿಚಿತ್ರ. ನಿನ್ನ ಕಾಗದ ಬಿಚ್ಚಿದಾಗ ಅಚ್ಚಿನ ಮಸಿಯ ವಾಸನೆ ಬಂತು. ನನ್ನ ಕೈಯದೇ ಇರಬೇಕು.

ನನ್ನ ಪದ: ಎನ್‌ಕರೇಜಿಂಗ್. ನಿನ್ನೆ ಸಂಜೆ ತಾನಾಗಿ ಹೊಳೆಯಿತು. ಗೆದ್ದೆ.

ಅಪ್ಪ

*

ನವೆಂಬರ್ ೧೨

ಅಪ್ಪಾ,

ನನ್ನ ಕೈ ಮುರಿಯ! ಆ ಪದ ಅಮ್ಮನ ಚೀಟಿಯಲ್ಲಿತ್ತು ಎಂದು ನನಗೆ ನೆನಪೇ ಬರಲಿಲ್ಲ. ಐದು ಅಕ್ಷರ ಎಣಿಸಿದೆ, ಅಷ್ಟೇ. ಹೊಟ್ಟೆಗೆ ಹಾಕಿಕೋ.

ಅಚ್ಚಿನ ಪತ್ರವನ್ನು ಗೋಡೆಗೆ ಅಂಟಿಸಿದ್ದೇನೆ. ಜೊತೆಯವರೆಲ್ಲ ಬಂದು ನೋಡಿ ಹೋದರು. ಆದರೆ ಮೆಚ್ಚುಗೆ ಅರ್ಧ ಮಾತ್ರ ಕೊಡುತ್ತೇನೆ. ಏಳು ಕಡೆ ಮೊಳೆ ತಲೆಕೆಳಗಾಗಿದೆ, ಮೂರು ಕಡೆ ಬೇರೆ ಅಳತೆಯ ಮೊಳೆ ಸೇರಿಕೊಂಡಿದೆ. ಎಲ್ಲಕ್ಕೂ ಅಂಚಿನಲ್ಲಿ ಗುರುತು ಹಾಕಿಟ್ಟಿದ್ದೇನೆ. ಅಚ್ಚಾದ ಮೇಲೆ ಮೊಳೆಗಳನ್ನು ಅವವುಗಳ ಗೂಡಿಗೇ ಹಾಕಬೇಕು ಎಂದು ನನ್ನ ಬೆರಳಿಗೆ ಹೊಡೆದು ಕಲಿಸಿದವನು ನೀನು. ಯಾರ ಜೊತೆ ಹರಟುತ್ತಾ ಕೆಲಸ ಮಾಡುತ್ತೀಯ? ಆ ದರ್ಜಿ ಮಾಮನನ್ನು ಅವರ ಅಂಗಡಿಗೆ ಅಟ್ಟು.

ಎನ್‌ಕರೇಜಿಂಗ್: ಬೆನ್ನು ತಟ್ಟುವುದು, ಧೈರ್ಯ ತುಂಬುವುದು. ನನ್ನ ಪದ: ಮೌಂಟನಿಯರಿಂಗ್. ಓದು ಎಂಬುದು ಅದೇ ಆಗಿದೆ ನನಗೆ, ದಿನಾ ಹತ್ತುವುದು.

ಚುಕ್ಕಿ

*

ಡಿಸೆಂಬರ್ ೩

ಚುಕ್ಕೀ,

ಬೆಟ್ಟ ಹತ್ತುವುದು, ಸರಿ ತಾನೆ? ನೀನೇ ಬಾಯಿ ಬಿಟ್ಟೆ. ಚೆನ್ನಾಗಿದ್ದೇನೆ. ಕೆಲಸ ಕಡಿಮೆ ತಗೊಳ್ಳುತ್ತಿದ್ದೇನೆ. ಓದು. ಇನ್ನು ಕಾಗದ ತಡವಾದರೆ ಗಾಬರಿಯಾಗಬೇಡ.

ಎಜುಕೇಶನ್.

ಅಪ್ಪ

*

ಫೆಬ್ರವರಿ ೨

ಅಪ್ಪಾ,

ಎರಡು ತಿಂಗಳಾಯಿತು. ನಾನು ಮೂರು ಕಾಗದ ಹಾಕಿದೆ, ನಿನ್ನಿಂದ ಒಂದೂ ಇಲ್ಲ. ಮೊದಲು ಸಿಟ್ಟು ಬಂತು. ಆಮೇಲೆ ನಿನಗೆ ಹೇಗೋ ವಿಷಯ ಗೊತ್ತಾಗಿರಬೇಕು, ಅದಕ್ಕೇ ಮಾತು ಬಿಟ್ಟಿದ್ದೀಯ ಎಂದುಕೊಂಡೆ. ಊಟ ಸೇರುತ್ತಿಲ್ಲ.

ಈ ಸಲ ನನ್ನ ಹತ್ತಿರ ಪದ ಇಲ್ಲ. ಸುಳ್ಳು, ಪದ ಹನ್ನೆರಡು ಇವೆ, ಬರೆದಿಟ್ಟಿದ್ದೇನೆ. ಯಾವುದನ್ನೂ ಕಳಿಸುವುದಿಲ್ಲ. ನಾನು ಸೋತೆ. ಇನ್ನು ನಿಜ.

ನಾನು ನರ್ಸಿಂಗ್ ಓದುತ್ತಿಲ್ಲ. ಬಿಟ್ಟು ನಾಲ್ಕು ತಿಂಗಳ ಮೇಲಾಯಿತು. ರಕ್ತ ಕಂಡರೆ ಮೊದಮೊದಲು ಎಲ್ಲರಿಗೂ ಆಗುವುದು ನನಗೆ ಕೊನೆಕೊನೆಗೂ ಆಗುತ್ತಿತ್ತು. ಮೂರು ಸಲ ವಾರ್ಡಿನಲ್ಲೇ ಬಿದ್ದೆ. ಮೂರನೆಯ ಸಲ ಕೈಯಲ್ಲಿ ಸೂಜಿ ಇತ್ತು. ಹಿರಿಯ ಸಿಸ್ಟರ್ ಒಳ್ಳೆಯವರು, ಬೈಯಲಿಲ್ಲ. "ಮಗೂ, ಇದು ನಿನ್ನ ಕೆಲಸ ಅಲ್ಲ. ನಿನ್ನ ಕೈ ಏನು ಕೇಳುತ್ತೋ ಅದನ್ನ ಮಾಡು" ಅಂದರು. ಸೆಪ್ಟೆಂಬರ್ ಕೊನೆಯಲ್ಲಿ ಹಾಸ್ಟೆಲು ಬಿಟ್ಟೆ. ಪರೀಕ್ಷೆ ಇಲ್ಲ. ಮಾರ್ಚಿನಲ್ಲಿ ಏನೂ ಇಲ್ಲ.

ನನ್ನ ಕೈ ಏನು ಕೇಳಿತು ಗೊತ್ತಾ? ಔಷಧಿ ಬಾಟಲಿಗಳ ಚೀಟಿ ಅಚ್ಚು ಹಾಕುವ ಒಂದು ಪ್ರೆಸ್ಸು ಇದೆ ಇಲ್ಲಿ. ಬಾಗಿಲಲ್ಲಿ ಮಸಿ ವಾಸನೆ ಬಂತು, ಒಳಗೆ ಹೋಗಿ ಕೆಲಸ ಕೇಳಿದೆ. ಈಗ ಕರಡು ತಿದ್ದುತ್ತೇನೆ, ಮೊಳೆಯನ್ನೂ ಜೋಡಿಸುತ್ತೇನೆ. ಎಷ್ಟು ಹನಿ, ದಿನಕ್ಕೆ ಎಷ್ಟು ಸಲ, ಒಂದು ಅಂಕಿ ತಪ್ಪಿದರೆ ಯಾರೋ ಸಾಯುತ್ತಾರೆ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡುತ್ತೇನೆ. ಅಮ್ಮನ ಹಾಗೆ ಮಲಗಿದವರಿಗೆ ನನ್ನಿಂದ ಆಗುವುದು ಇಷ್ಟೇ, ಅವರ ಬಾಟಲಿಯ ಮೇಲೆ ತಪ್ಪಿಲ್ಲದ ಚೀಟಿ.

ನಿನ್ನ ಮೂಗು ಸರಿಯಾಗೇ ಇತ್ತು, ವಾಸನೆ ನನ್ನದು.

ನೀನು ಬೀದಿಗೆಲ್ಲ ನರ್ಸಮ್ಮ ಎಂದು ಹೇಳಿಕೊಂಡು ತಿರುಗುವಾಗ ನನಗೆ ಹೇಳಲು ಬಾಯಿ ಬರಲಿಲ್ಲ. ಬೈ. ಆದರೆ ಬರೆದು ಬೈ.

ಚುಕ್ಕಿ

*

ಫೆಬ್ರವರಿ ೧೧
(ದರ್ಜಿಯ ಕೈಬರಹದಲ್ಲಿ)

ಚುಕ್ಕೀ,

ಇದನ್ನು ಬರೆಯುತ್ತಿರುವ ಕೈ ದರ್ಜಿಯದು. ನಿನ್ನ ಕಾಗದ ಓದಿದ್ದೂ ಅವನೇ. ಓದುತ್ತಾ ಓದುತ್ತಾ ನಡುವೆ ಮೂರು ಸಲ ಮೂಗು ಒರೆಸಿಕೊಂಡ.

ಮೊದಲು ಸಿಟ್ಟು ಬಂತು. ಸುಳ್ಳು ಹೇಳುವುದಿಲ್ಲ, ಯಾಕೆಂದರೆ ನನ್ನ ಹತ್ತಿರವೂ ಪದ ಇಲ್ಲ, ನಾನೂ ಸೋತಿದ್ದೇನೆ. ನಿನ್ನ ಅಮ್ಮನ ಫೋಟೋ ಕಡೆಗೆ ತಿರುಗಿ, "ನೋಡೇ ನಿನ್ನ ಮಗಳು" ಅಂತ ಕೂಗಿದೆ. ಮಧ್ಯಾಹ್ನ ಊಟ ಬಿಟ್ಟೆ. ಸಂಜೆ ಹೊತ್ತಿಗೆ ಹಸಿವಾಯಿತು, ಸಿಟ್ಟೂ ಇಳಿಯಿತು. ಮೂರು ಸಲ ಬಿದ್ದೆಯಲ್ಲ ಮಗಳೇ, ಪೆಟ್ಟಾಯಿತೇ? ಬಿದ್ದ ದಿನ ನನಗೆ ಹೇಳಿದ್ದರೆ ನಾನೇ ಬಂದು ಕರೆದುಕೊಂಡು ಬರುತ್ತಿದ್ದೆ. ಅಷ್ಟು ಹೆದರಿಸಿಬಿಟ್ಟಿದ್ದೆನೇ ನಿನ್ನನ್ನು?

ಈಗ ನನ್ನ ನಿಜ. ಎಡಗಣ್ಣು ಕಾಣುವುದಿಲ್ಲ. ಬಲಗಣ್ಣಿನಲ್ಲಿ ಒಂದು ಕಿಂಡಿಯಷ್ಟು ಉಳಿದಿದೆ. ಡಾಕ್ಟರಿಗೆ ತೋರಿಸಿದ್ದು ಮೊನ್ನೆ ಮೊನ್ನೆ, ಇಷ್ಟಾಗಿದೆ ಎಂದು ನನಗೂ ಗೊತ್ತಿರಲಿಲ್ಲ. ಬಲಗಣ್ಣನ್ನು ಬೇಗ ಕೊಯ್ದರೆ ಉಳಿಯುತ್ತದಂತೆ. ಜೊತೆಗೆ ಒಬ್ಬರು ಬೇಕಂತೆ. ಹನಿ ಹಾಕುವುದಷ್ಟೇ, ರಕ್ತ ಇರುವುದಿಲ್ಲ, ನಾನು ಕೇಳಿ ಖಚಿತ ಮಾಡಿಕೊಂಡಿದ್ದೇನೆ.

ಬರುತ್ತೀಯಾ?

ಅಪ್ಪ

ತಾಯೀ, ನಾನು ದರ್ಜಿ ಮಾಮ. ಅವನು ಹೇಳಿದಷ್ಟನ್ನೇ ಬರೆದಿದ್ದೇನೆ. ಹೆಚ್ಚಿಗೆ ಒಂದಕ್ಷರ ಸೇರಿಸಿದರೆ ಮಾತು ಬಿಡುತ್ತೇನೆ ಅಂತ ಆಣೆ ಹಾಕಿಸಿಕೊಂಡಿದ್ದಾನೆ. ಇವತ್ತೇ ಹೊರಡು.

*

ಮಾರ್ಚ್ ೮

ಅಪ್ಪಾ,

ದರ್ಜಿ ಮಾಮ ಇದನ್ನು ಆಸ್ಪತ್ರೆಯಲ್ಲಿ ನಿನ್ನ ಹಾಸಿಗೆಯ ಪಕ್ಕ ಕೂತು ಮೆಲ್ಲಗೆ ಓದುತ್ತಾರೆ. ಇವತ್ತೊಂದು ದಿನ ಅವರು ನಿನ್ನ ಜೊತೆಗಿರಲಿ. ನಾನು ಹನಿ ಹಾಕುವ ಹೊತ್ತುಗಳನ್ನೆಲ್ಲ ದೊಡ್ಡ ಚೀಟಿಯಲ್ಲಿ ಬರೆದುಕೊಟ್ಟಿದ್ದೇನೆ, ತಪ್ಪಿಸಿದರೆ ಅವರ ಕತ್ತರಿ ಬಚ್ಚಿಡುತ್ತೇನೆ. ಕೊಯ್ದ ಕಣ್ಣಿನ ಪಟ್ಟಿ ಬಿಚ್ಚುವ ದಿನ ಹತ್ತಿರವಿದೆ, ನೀನು ತಲೆ ಆಡಿಸಬೇಡ.

ನೀನು ಒಪ್ಪಿಕೊಂಡ ಕೆಲಸ ಬಾಕಿ ಇದೆಯೆಂದು ನಮ್ಮ ಪ್ರೆಸ್ಸಿಗೆ ಬಂದೆ. ಬಂದು ನೋಡಿದರೆ ಮೊಳೆ ಪೆಟ್ಟಿಗೆಯಲ್ಲಿ ಸಂತೆ ನಡೆದಿದೆ. ಎನ್ ಗೂಡಿನಲ್ಲಿ ಯು, ಯು ಗೂಡಿನಲ್ಲಿ ಎನ್, ಕಾಮಾಗಳ ಮನೆಯಲ್ಲಿ ಅಂಕಿಗಳು ಸಂಸಾರ ಹೂಡಿವೆ. ನವೆಂಬರಿನಲ್ಲಿ ನಿನ್ನ ತಪ್ಪುಗಳಿಗೆ ಗುರುತು ಹಾಕಿ, ಹರಟೆಮಲ್ಲ ಎಂದು ಬೈದೆನಲ್ಲ, ಅದು ನೆನಪಾಗಿ ನೆಲದ ಮೇಲೇ ಕೂತುಬಿಟ್ಟೆ. ಸುಮಾರು ಹೊತ್ತು ಅತ್ತೆ. ಆಮೇಲೆ ಎದ್ದು ಒಂದೊಂದೇ ಗೂಡು ಖಾಲಿ ಮಾಡಿ ಸರಿಪಡಿಸುತ್ತಾ ಬಂದೆ. ಕೊನೆಯದು ಝಡ್.

ಮಾಮನ ಕೈಯಲ್ಲಿ ಒಂದು ಗಂಟು ಇದೆ, ಬಿಚ್ಚಿಕೊಡಲು ಹೇಳು. ಪೋಸ್ಟರಿಗೆ ಬಳಸುವ ಮರದ ಅಕ್ಷರಗಳು, ಸಾಲಾಗಿ ಕಟ್ಟಿದ್ದೇನೆ. ಬೆರಳಿನಿಂದ ಓದು. ಅದು ಈ ಸಲದ ನನ್ನ ಪದ.

ಓದಿದೆಯಾ? ನಗಬೇಡ, ಕಣ್ಣಿಗೆ ಆಯಾಸವಾಗುತ್ತದೆ. ಹೌದು, ಕಾಲಿಫ್ಲವರ್. ಜೂನಿನಲ್ಲಿ ನೀನೇ ಹೇಳಿದ್ದು. ಹೇಳಿದ್ದನ್ನೇ ಹೇಳಿದೆ, ಸೋತೆ. ಬೇಕೆಂದೇ ಸೋತೆ.

ನನ್ನ ನಿಜ: ಝಡ್ ಗೂಡಿನ ಕಾಗದ ಓದಿದೆ. ಅದರ ಮೇಲಿನ ತಾರೀಕನ್ನೂ ಓದಿದೆ. ಅಕ್ಟೋಬರ್ ಇಪ್ಪತ್ಮೂರು. ಆ ಹೊತ್ತಿಗೆ ನಾನು ಹಾಸ್ಟೆಲು ಬಿಟ್ಟು ಮೂರೂವರೆ ವಾರವಾಗಿತ್ತು. ಇಲ್ಲದ ಪರೀಕ್ಷೆಗಾಗಿ ನೀನು ಕಾದೆ. ನಾನು ಆ ತಿಂಗಳು ಒಂದು ಸಾಲು ಬರೆದಿದ್ದರೆ ನಿನ್ನ ಎಡಗಣ್ಣು ಉಳಿಯುತ್ತಿತ್ತು. ಇದನ್ನು ಎದುರಿಗೆ ಕೂತು ಹೇಳಲು ನನ್ನಿಂದ ಆಗಲಿಲ್ಲ, ಅದಕ್ಕೇ ಮಾಮನ ಬಾಯಿಂದ ಹೇಳಿಸುತ್ತಿದ್ದೇನೆ.

ಕಾಗದವನ್ನು ಮಡಚಿ ಇದ್ದಲ್ಲೇ ಇಟ್ಟಿದ್ದೇನೆ. ನಾಳೆ ಬೆಳಿಗ್ಗೆ ಬರುತ್ತೇನೆ. ನೀನು ಮಾತಾಡದಿದ್ದರೂ ಬರುತ್ತೇನೆ.

ಚುಕ್ಕಿ

*

ಮಾರ್ಚ್ ೧೯

ಚುಕ್ಕೀ,

ನೀನು ಕೆಳಗೆ ಔಷಧಿ ತರಲು ಹೋಗಿದ್ದೀಯ. ಬೆಳಿಗ್ಗೆ ಪಟ್ಟಿ ಬಿಚ್ಚಿದಾಗ ನೀನು ಗೋಡೆ ಕಡೆ ತಿರುಗಿ ನಿಂತಿದ್ದೆ. ಮೊದಲು ಕಂಡದ್ದು ನಿನ್ನ ಜಡೆ. ಡಾಕ್ಟರು ದಿನಕ್ಕೆ ಹತ್ತು ಸಾಲು ಬರೆಯಬಹುದು ಎಂದರು. ಹತ್ತೂ ನಿನಗೇ ಬರೆಯುತ್ತಿದ್ದೇನೆ. ನೀನು ಬರುವುದರೊಳಗೆ ದಿಂಬಿನ ಕೆಳಗೆ ಸೇರುತ್ತದೆ, ಹಾಸಿಗೆ ಕೊಡವುವಾಗ ಸಿಗಲಿ.

ಹತ್ತು ದಿನದಿಂದ ನೀನು ಹನಿ ಹಾಕುತ್ತೀಯ, ಊಟ ಮಾಡಿಸುತ್ತೀಯ, ಆ ಒಂದು ವಿಷಯ ಮಾತ್ರ ಎತ್ತುವುದಿಲ್ಲ. ನಾನೂ ಎತ್ತಲಿಲ್ಲ. ಪದ ಹುಡುಕುತ್ತಿದ್ದೆ. ನಿನ್ನೆ ಸಿಕ್ಕಿತು: ಅನ್‌ಕ್ವೆಶ್ಚನಬಲ್. ಬೆರಳಲ್ಲಿ ಎಣಿಸಿದ್ದೇನೆ, ಐದೂ ಇವೆ. ಈ ಸಲ ಅರ್ಥವೂ ನನಗೇ ಗೊತ್ತು, ಡಾಕ್ಟರನ್ನು ಕೇಳಿ ತಿಳಿದುಕೊಂಡೆ. ಅದರ ಮೇಲೆ ಯಾರೂ ಪ್ರಶ್ನೆ ಎತ್ತುವಂತಿಲ್ಲ ಎಂದು.

ಹಾಗಾಗಿ ನಾನು ಗೆದ್ದೆ. ಗೆದ್ದವರು ಏನು ಬೇಕಾದರೂ ಹೇಳಬಹುದು, ಅದು ಅಮ್ಮನ ಕಟ್ಟಳೆ. ಗೆದ್ದ ಮೇಲೆ ಹೇಳುತ್ತಿದ್ದೇನೆ, ಕೇಳು. ನೀನು ಅಕ್ಟೋಬರಿನಲ್ಲೇ ಬಂದಿದ್ದರೂ ಆ ಎಡಗಣ್ಣು ಉಳಿಯುತ್ತಿರಲಿಲ್ಲ.

ಅಪ್ಪ